'ಒಂದು ಇಂಜೆಕ್ಷನ್ ಕೊಡ್ಸಿಬಿಡು': ದಯಾಮರಣ ಎಂಬ ಒಂದು ಮಾತು, ಅದರೊಳಗಿನ ನಾಲ್ಕು ಸಂಗತಿ

ನಮ್ಮ ಕಡೆಯ ಪತ್ರಿಕೆಗಳಲ್ಲಿ 'ದಯಾಮರಣ' ಎಂಬ ಮಾತು ಆಸ್ಪತ್ರೆ ಸುದ್ದಿಗಿಂತ ಡಿಸಿ ಕಚೇರಿ ಸುದ್ದಿಯಲ್ಲಿ ಬರುವುದೇ ಹೆಚ್ಚು. ಬಗರ್‌ಹುಕುಂ ಜಮೀನಿಗೆ ಹಕ್ಕುಪತ್ರ ಸಿಗದವರು, ತಿಂಗಳುಗಟ್ಟಲೆ ಸಂಬಳ ಕಾಣದವರು 'ನ್ಯಾಯ ಕೊಡಿ, ಇಲ್ಲವೇ ದಯಾಮರಣ ಕೊಡಿ' ಎಂದು ರಾಷ್ಟ್ರಪತಿಗೆ ಮನವಿ ಬರೆದು, ಅದನ್ನು ಹಿಡಿದುಕೊಂಡು ಫೋಟೋಕ್ಕೆ ನಿಲ್ಲುತ್ತಾರೆ. ಅದು ಸಿಟ್ಟಿನ ಮಾತು. ಸಾಯಲು ಹೊರಟವರ ಮಾತಲ್ಲ.

ನಿಜಕ್ಕೂ ಸಾವಿನ ಹತ್ತಿರ ಇದ್ದ ನನ್ನ ದೊಡ್ಡಪ್ಪ ಆ ಶಬ್ದವನ್ನು ಒಮ್ಮೆಯೂ ಬಳಸಲಿಲ್ಲ. ಒಂದು ರಾತ್ರಿ ನನ್ನ ಕೈ ಹಿಡಿದುಕೊಂಡು, "ಒಂದು ಇಂಜೆಕ್ಷನ್ ಕೊಡ್ಸಿಬಿಡು ಮಾರಾಯ, ಸಾಕಾಯ್ತು" ಅಂದರು.

ಅವರ ಮನೆ ಇದ್ದದ್ದು ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ. ಅನ್ನನಾಳದ ಕ್ಯಾನ್ಸರ್. ಜೀವಮಾನವಿಡೀ ಎಲೆಯಡಿಕೆ ಕವಳದ ತಟ್ಟೆ ಪಕ್ಕದಲ್ಲೇ ಇಟ್ಟುಕೊಂಡವರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿ ಎರಡು ದಶಕ ದಾಟಿತು. ಅಡಿಕೆ ಮಾರಿದ ದುಡ್ಡಲ್ಲೇ ಓದಿದ ನನ್ನಂಥವರಿಗೆ ಇದನ್ನು ಗಟ್ಟಿಯಾಗಿ ಹೇಳಲು ಬಾಯಿ ಬರುವುದಿಲ್ಲ, ಇರಲಿ. ಕಿಮೋ ಆಯಿತು. ಆನಂದಪುರದ ಹತ್ತಿರ ನರಸೀಪುರದ ನಾಟಿ ವೈದ್ಯರಲ್ಲಿಗೂ ಹೋಗಿ, ದೇಶದ ಎಲ್ಲೆಲ್ಲಿಂದಲೋ ಬಂದವರ ಸಾಲಲ್ಲಿ ನಿಂತು, ಚಕ್ಕೆ ತಂದು ಕಷಾಯ ಕಾಸಿದ್ದೂ ಆಯಿತು. ಕೊನೆಗೆ ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಯವರು "ಇನ್ನು ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ" ಅಂದರು. ಚೆನ್ನಾಗಿ ನೋಡಿಕೊಳ್ಳುವುದು ಅಂದರೆ ಎಂತ ಮಾಡುವುದು ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ.

ದಯಾಮರಣ ಅಂದ ಕೂಡಲೇ ನಾವು ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟುತ್ತೇವೆ. ಗುಣವಾಗುವ ಆಸೆ ಇಲ್ಲದಾಗ ವೆಂಟಿಲೇಟರ್, ಡಯಾಲಿಸಿಸ್ ಥರದ್ದನ್ನು ಹಾಕದೇ ಇರುವುದು ಅಥವಾ ಹಾಕಿದ್ದನ್ನು ತೆಗೆಯುವುದು ಒಂದು. ಇಲ್ಲಿ ಮನುಷ್ಯ ಸಾಯುವುದು ಕಾಯಿಲೆಯಿಂದಲೇ. ನಾವು ಅಡ್ಡ ನಿಲ್ಲುವುದನ್ನು ಬಿಡುತ್ತೇವೆ, ಅಷ್ಟೇ. ಕಾಯಿಲೆ ವಾಸಿ ಮಾಡುವ ಹಟ ಬಿಟ್ಟು, ನೋವು, ಉಬ್ಬಸ, ವಾಕರಿಕೆ, ಹೆದರಿಕೆ ಇಷ್ಟನ್ನೇ ಕಡಿಮೆ ಮಾಡುವ ಉಪಶಮನ ಚಿಕಿತ್ಸೆ ಇನ್ನೊಂದು. ಪ್ಯಾಲಿಯೇಟಿವ್ ಕೇರ್ ಅನ್ನುವುದು ಇದಕ್ಕೇ. ಮೂರನೆಯದು, ವೈದ್ಯರು ಔಷಧಿ ಬರೆದುಕೊಟ್ಟು, ರೋಗಿ ಅದನ್ನು ತಾನೇ ಕುಡಿದು ಜೀವ ಬಿಡುವುದು. ವೈದ್ಯರೇ ಸೂಜಿ ಚುಚ್ಚಿ ಜೀವ ತೆಗೆಯುವುದು ನಾಲ್ಕನೆಯದು.

ಭಾರತದಲ್ಲಿ ಮೊದಲ ಎರಡಕ್ಕೆ ಕಾನೂನಿನ ಒಪ್ಪಿಗೆ ಇದೆ. ಉಳಿದೆರಡು ಅಪರಾಧ. ರೋಗಿ ಕೈಮುಗಿದು ಬೇಡಿಕೊಂಡಿದ್ದರೂ ಸಹಾಯ ಮಾಡಿದವರ ಮೇಲೆ ಕೇಸು ಬೀಳುತ್ತದೆ. ಮೊದಲನೆಯದನ್ನು 'ಪರೋಕ್ಷ ದಯಾಮರಣ' ಎಂದು ಕರೆಯುವ ರೂಢಿ ಬಂದುಬಿಟ್ಟಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2018ರಲ್ಲೇ ಈ ಹೆಸರು ಬೇಡ, ಗೊಂದಲ ಮಾಡುತ್ತದೆ ಅಂದಿತ್ತು. ಹೆಸರು ಹೋಗಲಿಲ್ಲ, ಗೊಂದಲವೂ ಹೋಗಲಿಲ್ಲ.

ದೊಡ್ಡಪ್ಪ ಕೇಳಿದ್ದು ನಾಲ್ಕನೆಯದನ್ನು. ಅವರಿಗೆ ಸಿಗದೇ ಇದ್ದದ್ದು ಎರಡನೆಯದು.

ಕಾನೂನಿನ ಕಥೆ ನಮ್ಮ ನೆರೆಯಿಂದಲೇ ಶುರುವಾಗುತ್ತದೆ. ಗೇರುಸೊಪ್ಪೆ ಘಟ್ಟ ಇಳಿದರೆ ಹೊನ್ನಾವರ, ಅದರ ಪಕ್ಕ ಹಳದೀಪುರ. ಅರುಣಾ ಶಾನಭಾಗ ಆ ಊರಿನವರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಅಲ್ಲಿನ ವಾರ್ಡ್‌ಬಾಯ್ ಒಬ್ಬ ಹಲ್ಲೆ ಮಾಡಿದ. ಮಿದುಳಿಗೆ ರಕ್ತ ಹೋಗದೆ ಅವರ ಅರಿವು ಮತ್ತೆ ಸರಿಯಾಗಲೇ ಇಲ್ಲ. ಅದೇ ಆಸ್ಪತ್ರೆಯ ಮಂಚದಲ್ಲಿ ಸುಮಾರು 42 ವರ್ಷ. ಪತ್ರಕರ್ತೆ ಪಿಂಕಿ ವಿರಾನಿ, ಇವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಸಾಯಲು ಬಿಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಕೆಇಎಂನ ನರ್ಸ್‌ಗಳು ಸುತರಾಂ ಒಪ್ಪಲಿಲ್ಲ. ಅಷ್ಟು ವರ್ಷ ತೊಳೆದು, ಉಣಿಸಿ, ಮಗ್ಗುಲು ಬದಲಿಸಿದ್ದು ಅವರೇ. 2011ರ ಮಾರ್ಚ್ 7ರಂದು ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಆ ಸಿಬ್ಬಂದಿಗೆ ಸೇರಿದ್ದು ಅಂದಿತು. ಆದರೆ ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿ ಇದ್ದರೆ ಇಂಥ ರೋಗಿಗಳ ಜೀವಾಧಾರಕ ಚಿಕಿತ್ಸೆ ನಿಲ್ಲಿಸಬಹುದು ಎಂದು ಬಾಗಿಲನ್ನೂ ತೆರೆಯಿತು. ಅರುಣಾ ತೀರಿಕೊಂಡದ್ದು 2015ರ ಮೇ 18ರಂದು, ನ್ಯುಮೋನಿಯಾದಿಂದ. ಅವರ ಹೆಸರಲ್ಲಿ ಬಂದ ತೀರ್ಪು ಅವರಿಗೆ ಅನ್ವಯಿಸಲೇ ಇಲ್ಲ.

ಮುಂದಿನ ಹೆಜ್ಜೆ 2018ರ ಮಾರ್ಚ್ 9. 'ಕಾಮನ್ ಕಾಸ್' ಸಂಸ್ಥೆ 2005ರಲ್ಲಿ ಹಾಕಿದ್ದ ಅರ್ಜಿಯ ಮೇಲೆ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೇ ಅಂದಿತು. 'ಲಿವಿಂಗ್ ವಿಲ್' ಎನ್ನುವ ಕಾಗದಕ್ಕೂ ಮಾನ್ಯತೆ ಸಿಕ್ಕಿತು. ನನಗೆ ಪ್ರಜ್ಞೆ ತಪ್ಪಿದ ಮೇಲೆ ಏನು ಮಾಡಬೇಕು, ಏನು ಬೇಡ ಎಂದು ಪ್ರಜ್ಞೆ ಇರುವಾಗಲೇ ಬರೆದಿಡುವ ಪತ್ರ ಅದು. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕು ಎಂಬ ಷರತ್ತು ಇತ್ತು. ಪಹಣಿ ತಿದ್ದುಪಡಿಗೇ ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸುವ ಜನ ಸಾಯುವ ಕಾಗದ ಹಿಡಿದು ಕೋರ್ಟಿಗೆ ಹೋಗುತ್ತಾರೆಯೇ? 2023ರ ಜನವರಿ 24ರಂದು ಸುಪ್ರೀಂ ಕೋರ್ಟೇ ಇದನ್ನು ಸಡಿಲಿಸಿತು.

ಈಗ ಇರುವ ಕ್ರಮ ಇದು. ಹದಿನೆಂಟು ದಾಟಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರೇ ಆದರೂ ಇಬ್ಬರು ಸಾಕ್ಷಿಗಳ ಎದುರು ಬರೆದು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಆಯಿತು. ತಾನು ಹೇಳಲಾಗದ ಸ್ಥಿತಿಗೆ ಹೋದಾಗ ತನ್ನ ಪರವಾಗಿ ತೀರ್ಮಾನ ಹೇಳುವ ಒಬ್ಬರನ್ನೋ ಹೆಚ್ಚು ಜನರನ್ನೋ ಹೆಸರಿಸಬೇಕು. ಯಾವಾಗ ಬೇಕಾದರೂ ಬದಲಾಯಿಸಬಹುದು, ಹಿಂದಕ್ಕೆ ತೆಗೆದುಕೊಳ್ಳಬಹುದು. ಬರೆದಿಟ್ಟ ಮಾತ್ರಕ್ಕೆ ಯಾರೂ ಮೆಷಿನ್ ಆಫ್ ಮಾಡಿಬಿಡುವುದಿಲ್ಲ. ಗುಣವಾಗುವ ದಾರಿ ಇಲ್ಲವೆಂದು ಆಸ್ಪತ್ರೆಯ ಮೊದಲ ಮಂಡಳಿ ಹೇಳಬೇಕು: ಚಿಕಿತ್ಸೆ ಕೊಡುತ್ತಿರುವ ವೈದ್ಯರ ಜೊತೆ ಐದು ವರ್ಷ ಅನುಭವ ಇರುವ ಕನಿಷ್ಠ ಇಬ್ಬರು ತಜ್ಞರು. ಅದನ್ನು ಎರಡನೇ ಮಂಡಳಿ ಒಪ್ಪಬೇಕು. ಅದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಇರಬೇಕು. ಎರಡೂ ಮಂಡಳಿಗಳು ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಯೊಳಗೆ ಹೇಳಬೇಕು. ಹೆಸರಿಸಿದವರ ಒಪ್ಪಿಗೆ ಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಿದರೆ ಸಾಕು, ಅನುಮತಿ ಕೇಳಬೇಕಿಲ್ಲ. ಕಾಗದ ಬರೆದಿಡದೇ ಇದ್ದವರ ವಿಷಯದಲ್ಲಿ ಮನೆಯವರ ಒಪ್ಪಿಗೆಯ ಮೇಲೆ ಇದೇ ಎರಡು ಮಂಡಳಿಗಳು ನಡೆಯುತ್ತವೆ. ಮಂಡಳಿ ಆಗುವುದಿಲ್ಲ ಅಂದರೆ ಹೈಕೋರ್ಟ್ ಇದೆ.

ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದ್ದು 2025ರ ಜನವರಿ 30ರಂದು. ಆಗ ಪತ್ರಿಕೆಗಳಲ್ಲಿ ಪಕ್ಕದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ಹೆಸರು ಮತ್ತೆ ಬಂತು. ದಯಾಮರಣದ ಹಕ್ಕು ಬೇಕೆಂದು ಎರಡು ದಶಕ ಪತ್ರ ಬರೆದವರು. 'ರಾಜ್ಯದಲ್ಲಿ ದಯಾಮರಣಕ್ಕೆ ಅಸ್ತು' ಎಂಬ ಧಾಟಿಯಲ್ಲಿ ಬಂದ ಶೀರ್ಷಿಕೆಗಳನ್ನು ಓದಿ ನಮ್ಮೂರಿನ ಅಂಗಡಿ ಕಟ್ಟೆಯಲ್ಲೂ ಚರ್ಚೆ ಆಯಿತು: ಇನ್ನು ಅರ್ಜಿ ಹಾಕಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುತ್ತಾರಂತೆ! ಹಾಗಲ್ಲ. ಸುತ್ತೋಲೆಯಲ್ಲಿ ಇರುವುದು ನನ್ನ ಪಟ್ಟಿಯ ಮೊದಲನೆಯದು ಮಾತ್ರ. ವೆಂಟಿಲೇಟರೂ ಇಲ್ಲದೆ, ನೋವು ತಿನ್ನುತ್ತಾ ಮನೆಯಲ್ಲಿ ಮಲಗಿದವರಿಗೆ ಅದರಿಂದ ಏನೂ ಆಗುವುದಿಲ್ಲ.

ವೆಂಟಿಲೇಟರ್ ಬೇಡ ಅನ್ನುವ ತೀರ್ಮಾನವನ್ನು ಮಲೆನಾಡಿನಲ್ಲಿ ಕಾನೂನು ಬರುವ ಎಷ್ಟೋ ಮುಂಚೆಯಿಂದ ಮಾಡುತ್ತಲೇ ಬಂದಿದ್ದೇವೆ, ಅಥವಾ ರಸ್ತೆ, ದುಡ್ಡು, ಹೊಳೆ ನಮ್ಮ ಪರವಾಗಿ ಮಾಡಿವೆ. ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಲ್ಲಿಯವರೆಗೆ ಸಂಜೆ ಲಾಂಚ್ ನಿಂತ ಮೇಲೆ ತುಮರಿಯವರಿಗೆ ಸಾಗರದ ಆಸ್ಪತ್ರೆ ಎಂದರೆ ನಿಟ್ಟೂರಿನ ಕಡೆಯಿಂದ ಕಾಡುರಸ್ತೆಯಲ್ಲಿ ಸುತ್ತು. ಮಳೆಗಾಲದ ರಾತ್ರಿ ಉಸಿರು ಸಿಕ್ಕಿಕೊಂಡರೆ ತುಳಸಿ ನೀರು ಬಿಟ್ಟು ಕಾಯುವುದೇ. ಪೇಟೆಯಲ್ಲಿ ಇದಕ್ಕೆ ಇನ್ನೊಂದು ರೂಪ: ಐಸಿಯು ಬಿಲ್ಲು ಲಕ್ಷ ದಾಟಿದ ದಿನ ಮನೆಯವರು 'ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ' ಎಂಬ ಫಾರಂಗೆ ಸಹಿ ಹಾಕುತ್ತಾರೆ. ಆಂಬುಲೆನ್ಸ್‌ನಲ್ಲಿ ಆಕ್ಸಿಜನ್ ಹಾಕಿಕೊಂಡು ಊರಿನ ಗೇಟಿನವರೆಗೆ ತಂದು, ಜಗಲಿಯಲ್ಲಿ ಮಲಗಿಸಿ ನಳಿಕೆ ತೆಗೆಯುತ್ತಾರೆ. ಮಾರ್ಫಿನ್ ಇಲ್ಲ, ಹೇಳಿಕೊಡುವವರು ಇಲ್ಲ, ಮಗನಿಗೆ ಮಾತ್ರ 'ನಾನೇ ಕೊಂದೆನೋ' ಎಂಬ ಕೊರಗು ಜೀವನಪೂರ್ತಿ. ಎರಡು ಮಂಡಳಿಗಳ ಕ್ರಮ ತೊಡಕಿನದು ಎಂದು ವೈದ್ಯರು ಗೊಣಗುತ್ತಾರೆ. ಆದರೂ ಆ ಮಗನ ಹೆಗಲ ಮೇಲಿನ ಭಾರವನ್ನು ಅದು ಆರೇಳು ಜನರಿಗೆ ಹಂಚುತ್ತದೆ. ನನಗೆ ಅದರಲ್ಲಿ ಕಾಣುವ ದೊಡ್ಡ ಉಪಕಾರ ಅದೇ.

ಈಗ ಮಾರ್ಫಿನ್ ವಿಷಯ.

ದೊಡ್ಡಪ್ಪನಿಗೆ ಅಲ್ಲಿಯವರೆಗೆ ಸಿಗುತ್ತಿದ್ದದ್ದು ಪ್ಯಾರಾಸಿಟಮಾಲ್, ಕೈಮೀರಿದಾಗ ಪೇಟೆಯ ಕಾಂಪೌಂಡರ್ ಬಂದು ಕೊಡುವ ಡೈಕ್ಲೋಫಿನಾಕ್ ಇಂಜೆಕ್ಷನ್, ಮತ್ತು ಒಂದು ಬಾಟಲಿ ಗ್ಲೂಕೋಸ್. ಗ್ಲೂಕೋಸ್ ಹಾಕಿಸಿದರೆ ಏನೋ ಮಾಡಿದ ಸಮಾಧಾನ ನಮಗೆ. ಬಾಟಲಿಯನ್ನು ನಾಗಂದಿಗೆಯ ಮೊಳೆಗೆ ತೂಗುಹಾಕಿ ಹನಿ ಎಣಿಸುತ್ತಾ ಕೂರುತ್ತಿದ್ದೆವು. ಕಾಲು ಊದಿಕೊಂಡಿತು, ಎದೆಯಲ್ಲಿ ಗೊರಗೊರ ಸದ್ದು ಹೆಚ್ಚಾಯಿತು. ಕೊನೆಯ ದಿನಗಳಲ್ಲಿ ದೇಹ ಅನ್ನ ನೀರನ್ನು ತಾನಾಗಿಯೇ ಬೇಡ ಅನ್ನುತ್ತದೆ, ಹೆಚ್ಚು ನೀರು ಒಳಗೆ ಬಿಟ್ಟರೆ ಅದು ಶ್ವಾಸಕೋಶಕ್ಕೇ ಭಾರ, ಒದ್ದೆ ಹತ್ತಿಯಲ್ಲಿ ತುಟಿ ಒರೆಸುವುದು ಬಾಟಲಿಗಿಂತ ಸುಖ ಕೊಡುತ್ತದೆ ಎಂದು ನಮಗೆ ಗೊತ್ತಾದದ್ದು ತಡವಾಗಿ.

ಸಂಬಂಧಿಕರೊಬ್ಬರ ಮೂಲಕ ಉಪಶಮನ ಚಿಕಿತ್ಸೆಯ ವೈದ್ಯೆಯೊಬ್ಬರ ಪರಿಚಯವಾಯಿತು. ಅವರು ಕೇಳಿದ ಮೊದಲ ಪ್ರಶ್ನೆ, "ಹತ್ತರಲ್ಲಿ ಎಷ್ಟು ನೋವು?" ದೊಡ್ಡಪ್ಪ ಬೆರಳು ಎಣಿಸಿ ಎರಡೂ ಕೈ ಎತ್ತಿದರು. ಆಮೇಲೆ ಮಾರ್ಫಿನ್ ಬಂತು. ಬಿಳಿ ಸಣ್ಣ ಮಾತ್ರೆ. ಪುಡಿ ಮಾಡಿ ಚಮಚ ನೀರಲ್ಲಿ ಕಲಸಿ ನಾಲ್ಕು ಗಂಟೆಗೊಮ್ಮೆ ಕೊಡುವುದು. ನೋವು ಬಂದ ಮೇಲಲ್ಲ, ಬರುವ ಮುಂಚೆ. ಮಲ ಕಟ್ಟುತ್ತದೆ, ಅದಕ್ಕೆ ಬೇರೆ ಔಷಧಿ ಜೊತೆಗೇ. ಮೂರನೇ ದಿನ ದೊಡ್ಡಪ್ಪ ರಾತ್ರಿ ಪೂರ್ತಿ ಮಲಗಿದರು. ನಾಲ್ಕನೇ ದಿನ ಬೆಳಿಗ್ಗೆ ಅಪ್ಪೆಮಿಡಿ ಉಪ್ಪಿನಕಾಯಿಯ ರಸ ನಾಲಿಗೆಗೆ ಹಚ್ಚಿ ಅಂದರು. ನುಂಗಲಾಗುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಚಪ್ಪರಿಸಿದರು. ಮಾವಿನ ಮರದ ಹೆಸರು ಹೇಳಿ, ಅದೇನಾ, ಎಂದು ಕೇಳಿದರು. ಅದೇ ಆಗಿತ್ತು.

ಇಂಜೆಕ್ಷನ್ ಮಾತು ಸದ್ಯಕ್ಕೆ ನಿಂತಿತು. ಆಗ ನಾನಂದುಕೊಂಡದ್ದು, ಸಾವು ಕೇಳುವವರು ನಿಜಕ್ಕೂ ಕೇಳುವುದು ನೋವು ನಿಲ್ಲಿಸಿ ಎಂದು, ಅಷ್ಟೇ. ಅದು ಅರ್ಧ ಸತ್ಯ ಎಂದು ಆಮೇಲೆ ತಿಳಿಯಿತು.

ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಆಯುಷ್ಯ ಕಡಿಮೆ ಮಾಡುವುದಿಲ್ಲ, ಕ್ಯಾನ್ಸರ್ ನೋವಿಗೆ ತೆಗೆದುಕೊಳ್ಳುವವರು ಚಟಕ್ಕೆ ಬೀಳುವುದು ತೀರಾ ಅಪರೂಪ. ಭಾರತ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಕ್ಕೂ ಕಳಿಸುತ್ತದೆ. 1985ರ ಮಾದಕ ವಸ್ತು ಕಾಯ್ದೆಯ ಹೆದರಿಕೆಗೆ ನಮ್ಮದೇ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಒಂದು ಡಬ್ಬಿ ಮಾತ್ರೆಗೆ ಹಲವು ಲೈಸೆನ್ಸು. 2014ರ ತಿದ್ದುಪಡಿಯಲ್ಲಿ ಇದು ಸರಳವಾಗಿ, ಮಾನ್ಯತೆ ಪಡೆದ ಆಸ್ಪತ್ರೆ ಒಂದೇ ಅನುಮತಿಯಲ್ಲಿ ಇಟ್ಟುಕೊಳ್ಳಬಹುದು ಎಂದಾಯಿತು. ಕೇರಳ 2008ರಲ್ಲೇ ಉಪಶಮನ ಚಿಕಿತ್ಸೆಗೆ ಸರ್ಕಾರಿ ನೀತಿ ಮಾಡಿ, ಪಂಚಾಯತಿ ಮಟ್ಟದಲ್ಲಿ ನರ್ಸ್‌ಗಳು ಮನೆಮನೆಗೆ ಹೋಗುವ ವ್ಯವಸ್ಥೆ ಕಟ್ಟಿತು. ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ, ಕರುಣಾಶ್ರಯ, ಘಟ್ಟ ಇಳಿದರೆ ಮಣಿಪಾಲ ಇವೆ. ಹೋಬಳಿಯ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಅಂಗಡಿಯವ ನಮ್ಮ ಮುಖವನ್ನೇ ನೋಡುತ್ತಾನೆ.

ಉಳಿದರ್ಧ ಸತ್ಯಕ್ಕೆ ಬರುತ್ತೇನೆ. ಮೂರು ವಾರ ಕಳೆದ ಮೇಲೆ ದೊಡ್ಡಪ್ಪ ಮತ್ತೆ ಕೇಳಿದರು. ಈ ಸಲ ನೋವಿರಲಿಲ್ಲ. ಹಾಸಿಗೆಯಲ್ಲೇ ಎಲ್ಲ ಆಗುತ್ತಿತ್ತು, ಸೊಸೆ ಬಂದು ಬಟ್ಟೆ ಬದಲಿಸುತ್ತಿದ್ದಳು. ಒಂದು ದಿನ ಅವಳು ಆಚೆ ಹೋದ ಮೇಲೆ ಗೋಡೆ ಕಡೆ ತಿರುಗಿಕೊಂಡು, "ಇದೆಲ್ಲ ಅವಳ ಕೈಲಿ ಮಾಡಿಸ್ಕೊಳ್ಳೋದು ಬದುಕಾ?" ಅಂದರು. ದಿನಾ ಸಂಜೆ ದೀಪ ಹಚ್ಚಿದ ಮೇಲೆ 'ಅನಾಯಾಸೇನ ಮರಣಂ ವಿನಾ ದೈನ್ಯೇನ ಜೀವನಂ', ಅಂದರೆ ಕಷ್ಟವಿಲ್ಲದ ಸಾವು, ದೈನ್ಯವಿಲ್ಲದ ಬದುಕು ಕೊಡು, ಎಂದು ಹೇಳಿಕೊಂಡು ಬಂದ ಮನುಷ್ಯ. ಮೊದಲರ್ಧಕ್ಕೆ ಮಾರ್ಫಿನ್ ಇತ್ತು. ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೊರದೇಶಗಳ ಚರ್ಚೆಯೆಲ್ಲ ನಿಂತಿರುವುದು ಈ ಎರಡನೇ ಕೇಳಿಕೆಯ ಮೇಲೆ. ಅಮೆರಿಕದ ಆರಿಗನ್ ರಾಜ್ಯದಲ್ಲಿ 1997ರಿಂದ ಕಾನೂನು ಇದೆ: ಆರು ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲ ಎಂದು ಇಬ್ಬರು ವೈದ್ಯರು ಹೇಳಿದರೆ ರೋಗಿ ಔಷಧಿ ಬರೆಸಿಕೊಳ್ಳಬಹುದು, ತಾನೇ ಕುಡಿಯಬೇಕು. ಬರೆಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗ ಕುಡಿಯುವುದೇ ಇಲ್ಲ. ಬೇಕಾದರೆ ಕೈಗೆಟಕುವಲ್ಲಿ ಇದೆ ಅನ್ನುವುದೇ ಅವರಿಗೆ ಸಾಕಾಗುತ್ತದೋ ಏನೋ. ಕಾರಣ ಕೇಳಿದರೆ ನೋವಿಗಿಂತ ಹೆಚ್ಚು ಜನ ಹೇಳುವುದು ತನ್ನ ಬದುಕು ತನ್ನ ಕೈಲಿಲ್ಲ, ಇಷ್ಟದ ಕೆಲಸ ಮಾಡಲಾಗದು, ಘನತೆ ಹೋಯಿತು ಎಂದು. ತುಮರಿಯ ದೊಡ್ಡಪ್ಪನದೂ ಅದೇ ಮಾತು.

ನೆದರ್ಲೆಂಡ್ಸ್‌ನಲ್ಲಿ 2002ರಿಂದ ವೈದ್ಯರೇ ಚುಚ್ಚುಮದ್ದು ಕೊಡಬಹುದು. 2024ರಲ್ಲಿ ಅಲ್ಲಿ ಸುಮಾರು 17 ಸಾವುಗಳಲ್ಲಿ ಒಂದು ಹೀಗೆ. ಕೆನಡಾ 2016ರಲ್ಲಿ ಸಾವು ಹತ್ತಿರ ಇರುವವರಿಗೆಂದು ಶುರುಮಾಡಿ, 2021ರಲ್ಲಿ ಸಾವು ಹತ್ತಿರ ಇಲ್ಲದ ದೀರ್ಘ ಕಾಯಿಲೆಯವರಿಗೂ ವಿಸ್ತರಿಸಿತು. ಅಂಗವಿಕಲರ ಸಂಘಟನೆಗಳು, ನಮಗೆ ಬದುಕಲು ಬೇಕಾದ ನೆರವು ಕೊಡುವ ಮೊದಲು ಸಾಯಲು ನೆರವು ಕೊಡುತ್ತೀರಾ ಎಂದು ಎದ್ದು ನಿಂತವು. ಬ್ರಿಟನ್ನಿನ ಕೆಳಮನೆಯಲ್ಲಿ 2025ರ ಜೂನ್ 20ರಂದು ಆರಿಗನ್ ಥರದ ಮಸೂದೆ ಪಾಸಾದದ್ದು 314–291 ಮತಗಳಲ್ಲಿ. ಓದು, ದುಡ್ಡು, ಆಸ್ಪತ್ರೆ ಎಲ್ಲ ಇರುವ ದೇಶವೇ ಹೀಗೆ ಹೆಚ್ಚೂಕಡಿಮೆ ಎರಡು ಹೋಳು.

ನನ್ನ ಜೀವ ನನ್ನದು, ತೀರ್ಮಾನವೂ ನನ್ನದು ಎಂಬ ವಾದಕ್ಕೆ ನನ್ನ ತಕರಾರಿಲ್ಲ. ನನಗೆ ಹೆದರಿಕೆ 'ನನ್ನದು' ಎಂಬ ಆ ಮಾತು ನಮ್ಮ ಮನೆಗಳಲ್ಲಿ ಎಷ್ಟು ನನ್ನದಾಗಿ ಉಳಿಯುತ್ತದೆ ಎಂಬುದು. ಮಕ್ಕಳು ಬೆಂಗಳೂರಲ್ಲಿ, ತೋಟ ನೋಡುವವರಿಲ್ಲ, ನೋಡಿಕೊಳ್ಳುವ ಆಳು ತಿಂಗಳಿಗೆ ಇಷ್ಟು ಕೇಳುತ್ತಾನೆ. ಇದು ಅಜ್ಜಿಯ ಕಿವಿಗೆ ಬೀಳುವಂತೆ ಎರಡು ಸಲ ಮಾತಾಡಿದರೆ ಸಾಕು, ಮೂರನೇ ದಿನ ಅಜ್ಜಿಯೇ "ನಂಗೆ ಸಾಕು" ಅನ್ನುತ್ತಾಳೆ. ತಮಿಳುನಾಡಿನ ದಕ್ಷಿಣದ ಕೆಲವು ಜಿಲ್ಲೆಗಳಲ್ಲಿ 'ತಲೈಕೂತಲ್' ಎಂಬ ಹೆಸರಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ಮನೆಯವರೇ ಮುಗಿಸುವ ಪದ್ಧತಿ ಇದ್ದದ್ದು ವರದಿಯಾಗಿದೆ. ಅಲ್ಲೂ ಹೇಳುವುದು 'ಅವರಿಗೇ ಬೇಡವಾಗಿತ್ತು' ಎಂದೇ. ಇನ್ನೊಂದು: ಕೊನೆಯ ಕಾಯಿಲೆಯವರಲ್ಲಿ ಖಿನ್ನತೆ ಸಾಮಾನ್ಯ, ಅದಕ್ಕೆ ಔಷಧಿಯೂ ಇದೆ. ಸಾಕು ಅನ್ನುವ ಮಾತು ಕಾಯಿಲೆಯದೋ ಮನುಷ್ಯನದೋ ಎಂದು ಬೇರ್ಪಡಿಸಲು ಕೂತು ಕೇಳುವವರು ಬೇಕು. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ರೋಗಿಗಷ್ಟೇ ಅಲ್ಲ, ನೋಡಿಕೊಳ್ಳುವವರಿಗೂ.

ಸಾವನ್ನು ತಾವಾಗಿ ಎದುರುಗೊಳ್ಳುವುದು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಸೊರಬ ತಾಲ್ಲೂಕಿನ ಹಿರೇಆವಲಿಯಲ್ಲಿ, ಹೊಸನಗರದ ಹೊಂಬುಜದಲ್ಲಿ ನಿಷಿಧಿ ಕಲ್ಲುಗಳಿವೆ. ಸಲ್ಲೇಖನದಿಂದ ದೇಹ ಬಿಟ್ಟ ಜೈನ ಮುನಿಗಳ, ಗೃಹಸ್ಥರ, ಹೆಂಗಸರ ನೆನಪಿನವು. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಈ ವ್ರತವನ್ನು ಆತ್ಮಹತ್ಯೆಗೆ ಸಮ ಅಂದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಸಲ್ಲೇಖನವನ್ನು ದಯಾಮರಣದ ಪರ ವಾದಕ್ಕೆ ಎಳೆದು ತರುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಗುರುವಿನ ಅನುಮತಿ, ಮನೆಯವರ ಕ್ಷಮೆ ಕೇಳುವುದು, ದಿನದಿನಕ್ಕೆ ಆಹಾರ ಕಡಿಮೆ ಮಾಡುತ್ತಾ ಹೋಗುವುದು, ಸುತ್ತ ಊರೇ ಕೂತಿರುವುದು. ಅದು ಒಂದು ಬದುಕಿನ ಕ್ರಮದ ಕೊನೆ, ನೋವಿನಿಂದ ಓಡುವ ದಾರಿಯಲ್ಲ.

ದೊಡ್ಡಪ್ಪನ ಎರಡನೇ ಕೇಳಿಕೆಗೆ ನಾವು ಮಾಡಿದ್ದು ಇಷ್ಟು: ತೋಟದಲ್ಲಿ ಅವರ ಜೊತೆ ಮೂವತ್ತು ವರ್ಷ ಕೆಲಸ ಮಾಡಿದ್ದ ಹಳೆಯ ಆಳೊಬ್ಬರನ್ನು ಬೆಳಿಗ್ಗೆ ಸಂಜೆ ಬರುವಂತೆ ಕೇಳಿಕೊಂಡೆವು. ಬಟ್ಟೆ ಬದಲಿಸುವುದು, ಒರೆಸುವುದು ಅವರೇ. ಬಾಗಿಲು ಹಾಕಿಕೊಂಡು ಇಬ್ಬರೂ ಕೊಳೆರೋಗದ ಬಗ್ಗೆ, ಬೋರ್ಡೋ ಹೊಡೆಯುವ ಬಗ್ಗೆ ಮಾತಾಡುವುದು ಕೇಳಿಸುತ್ತಿತ್ತು. ಅದರಿಂದ ಕೇಳಿಕೆ ಪೂರ್ತಿ ನಿಂತಿತು ಎಂದು ಹೇಳಲಾರೆ. ಹನ್ನೊಂದು ದಿನದ ಮೇಲೆ, ಬೆಳಗಿನ ಜಾವ, ಮನೆಯಲ್ಲೇ ಹೋದರು.

ಹೋದ ವರ್ಷ ದೊಡ್ಡಮ್ಮ ತನ್ನ ಕಾಗದ ಬರೆಸಬೇಕೆಂದು ಹಟ ಹಿಡಿದರು. ಸಾಗರದಲ್ಲಿ ನೋಟರಿಯ ಟೇಬಲ್ಲಿನ ಎದುರು ಕೂತು ಓದಿ ಹೇಳಿದೆ: ಗುಣವಾಗುವ ಆಸೆ ಇಲ್ಲದಾಗ ವೆಂಟಿಲೇಟರ್ ಬೇಡ, ಹೃದಯ ನಿಂತರೆ ಎದೆ ಒತ್ತುವುದು ಬೇಡ, ಮೂಗಿನ ನಳಿಕೆ ಬೇಡ, ನೋವಿಗೆ ಔಷಧಿ ಬೇಕೇ ಬೇಕು, ತೀರ್ಮಾನ ಹೇಳಬೇಕಾದವಳು ಮಗಳು. ತಲೆಯಾಡಿಸಿದರು. ಆಮೇಲೆ, "ನನ್ನ ಮೀಸುವವಳು ಮಗಳು, ಇಲ್ಲದಿದ್ದರೆ ಹೆಣ್ಣು ನರ್ಸು. ಗಂಡಸರು ಕೈ ಹಾಕುವ ಹಾಗಿಲ್ಲ. ಅದನ್ನೂ ಬರಿ" ಅಂದರು.

"ಅದೆಲ್ಲ ಇದರಲ್ಲಿ ಬರಲ್ಲ ಅಮ್ಮ" ಅಂದರು ನೋಟರಿ.

"ಬರದಿದ್ರೆ ಬರಲ್ಲ. ಬರ್ದಿಡಿ."

ನೋಟರಿ ನನ್ನ ಕಡೆ ನೋಡಿದರು. ನಾನು ಕೆಳಗೆ ಉಳಿದಿದ್ದ ಜಾಗದಲ್ಲಿ ಕೈಬರಹದಲ್ಲಿ ಆ ಸಾಲು ಸೇರಿಸಿದೆ. ದೊಡ್ಡಮ್ಮ ಕನ್ನಡಕ ಏರಿಸಿ ಅದೊಂದನ್ನು ಮಾತ್ರ ತಾವೇ ಓದಿ, ಸಹಿ ಹಾಕಿದರು.